108 ಎಣಿಸಿ ಮುಗಿಯದ ಜಪ: ಮನೋಚಿಕಿತ್ಸೆಯಲ್ಲಿ ದೇವರಿಗೆ ಎಷ್ಟು ಜಾಗ?

ಪ್ರಶ್ನೆ: ನನ್ನ ತಂಗಿಗೆ 26 ವರ್ಷ. ಖಿನ್ನತೆ, ಆತಂಕ ಎಂದು ಎಂಟು ತಿಂಗಳಿಂದ ಮನೋವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಥೆರಪಿಗೂ ಹೋಗುತ್ತಾಳೆ. ಅರ್ಧ ಗುಣವಾಗಿದೆ ಅನ್ನಬಹುದು. ಮೊದಲಿನಿಂದಲೂ ದೈವಭಕ್ತೆ. ಈಗ ಸಂಜೆ ಜಪಕ್ಕೆ ಕೂತರೆ ಲೆಕ್ಕ ತಪ್ಪಿತು ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ, ಏಳುವಾಗ ರಾತ್ರಿ ಹತ್ತಾಗಿರುತ್ತದೆ. ಥೆರಪಿಸ್ಟ್ ದೇವರ ವಿಷಯ ಇದುವರೆಗೆ ಎತ್ತೇ ಇಲ್ಲ, ಅವಳೂ ಹೇಳಿಲ್ಲ. ‘ಇದು ಪೂರ್ವಕರ್ಮ, ಮಾತ್ರೆಯಿಂದ ಹೋಗುವುದಲ್ಲ, ಅದನ್ನು ನಿಲ್ಲಿಸಿ 48 ದಿನ ಕ್ಷೇತ್ರದಲ್ಲಿ ಇರಿಸೋಣ’ ಎನ್ನುವುದು ಅಮ್ಮನ ಹಟ. ನನಗೆ ಹತ್ತು ದಿನದ ಧ್ಯಾನ ಶಿಬಿರ ಒಳ್ಳೆಯದೇನೋ ಅನ್ನಿಸುತ್ತದೆ. ಮನಸ್ಸಿನ ಚಿಕಿತ್ಸೆಯಲ್ಲಿ ಅಧ್ಯಾತ್ಮಕ್ಕೆ ಜಾಗ ಇದೆಯೇ? ಅಥವಾ ಎರಡನ್ನೂ ಬೇರೆಯಾಗಿಯೇ ಇಡಬೇಕೇ?

ಉತ್ತರ: ಜಾಗ ಇದೆ. ಆದರೆ ‘ಅಧ್ಯಾತ್ಮ ಒಳ್ಳೆಯದೋ ಕೆಟ್ಟದ್ದೋ’ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಜಪ, ಉಪವಾಸ, ಧ್ಯಾನ, ಕ್ಷೇತ್ರವಾಸ ಎಲ್ಲವೂ ಮೈಮನಸ್ಸಿನ ಮೇಲೆ ಕೆಲಸ ಮಾಡುತ್ತವೆ. ಕೆಲಸ ಮಾಡುವ ಯಾವುದಕ್ಕೂ ಒಂದು ಪ್ರಮಾಣ ಇರುತ್ತದೆ, ಹೊತ್ತು ಇರುತ್ತದೆ, ಕೆಲವರಿಗೆ ಆಗಿಬರದೆ ಇರುವುದೂ ಇರುತ್ತದೆ. ಹತ್ತು ನಿಮಿಷದ ನಾಮಸ್ಮರಣೆ ಆತಂಕದಲ್ಲಿರುವವರಿಗೆ ನಿದ್ದೆ ತಂದುಕೊಟ್ಟೀತು. ಅದೇ ನಾಮಸ್ಮರಣೆ ಗೀಳು ಇರುವವರನ್ನು ಮೂರು ತಾಸು ಕಟ್ಟಿಹಾಕೀತು. ಉನ್ಮಾದ ಏರುತ್ತಿರುವವರನ್ನಂತೂ ರಾತ್ರಿಯಿಡೀ ಎಬ್ಬಿಸಿ ಕೂರಿಸೀತು. ಯಾವ ಕಾಯಿಲೆ, ಯಾವ ಹಂತ, ಎಷ್ಟು ಹೊತ್ತು ಎಂದು ಕೇಳಿಕೊಂಡರೆ ಮಾತ್ರ ಮುಂದೆ ಹೋಗಬಹುದು.

ನಿಮ್ಮ ಸಂದೇಹಗಳಿಗೆ ಮೊದಲೇ ಚುಟುಕಾಗಿ ಹೇಳಿಬಿಡುತ್ತೇನೆ. ಮಾತ್ರೆ ನಿಲ್ಲಿಸಬೇಡಿ. ಶಿಬಿರ ಈಗ ಬೇಡ. ಕ್ಷೇತ್ರಕ್ಕೆ ಹೋಗಬಹುದು, ಅದಕ್ಕೆ ಷರತ್ತುಗಳಿವೆ. ಆದರೆ ಇವೆಲ್ಲಕ್ಕಿಂತ ಮುಖ್ಯವಾದದ್ದು ನೀವು ನಡುವೆ ಬರೆದು ಸುಮ್ಮನೆ ದಾಟಿಹೋದ ಒಂದು ಸಾಲು: ಜಪ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುವುದು.

ಭಕ್ತಿಯೋ, ಗೀಳೋ?

ಪತ್ರ ಓದಿ ರೋಗನಿರ್ಣಯ ಮಾಡಲಾಗದು. ಆದರೂ ಇದು ಗೀಳು ಮನೋರೋಗದ, ಅಂದರೆ ಒಸಿಡಿಯ ಲಕ್ಷಣ ಇರಬಹುದೇ ಎಂದು ಯಾರಾದರೂ ನೋಡಲೇಬೇಕು. ಖಿನ್ನತೆಯ ಜೊತೆ ಗೀಳು ಇರುವುದು ಸಾಮಾನ್ಯ. ಗೀಳು ದೇವರ ರೂಪದಲ್ಲಿ ಬಂದಾಗ ಮನೆಯವರಿಗೆ ಅದು ಭಕ್ತಿಯಾಗಿಯೇ ಕಾಣುವುದರಿಂದ ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿರುತ್ತದೆ. ನಮ್ಮಲ್ಲಿ ಅದರ ಸಾಮಾನ್ಯ ವೇಷಗಳು ಕೆಲವಿವೆ. ಮಡಿ ಕೆಟ್ಟಿತು ಎಂದು ಮತ್ತೆ ಸ್ನಾನ, ದೀಪ ಸರಿಯಾಗಿ ಹಚ್ಚಲಿಲ್ಲ ಎಂದು ಮತ್ತೆ ಹಚ್ಚುವುದು, ನಮಾಜಿಗೆ ಮುಂಚಿನ ವುಜೂ ಸರಿಯಾಗಲಿಲ್ಲ ಎಂದು ಮತ್ತೆ ಕೈಕಾಲು ತೊಳೆಯುವುದು, ಒಂದೇ ಪಾಪವನ್ನು ಪಾದ್ರಿಯ ಮುಂದೆ ಹತ್ತು ಸಲ ಒಪ್ಪಿಕೊಳ್ಳುವುದು. ಎಲ್ಲಕ್ಕಿಂತ ಗುಟ್ಟಾಗಿ ಉಳಿಯುವುದು ಇನ್ನೊಂದು: ವಿಗ್ರಹದ ಮುಂದೆ ನಿಂತ ಗಳಿಗೆಯಲ್ಲೇ ಅಶ್ಲೀಲವಾದ ಅಥವಾ ದೇವರನ್ನು ಬೈಯುವ ಆಲೋಚನೆ ನುಗ್ಗುವುದು. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಹೆಚ್ಚಿನವರಿಗೆ ಧೈರ್ಯ ಸಾಲದು. ಗಟ್ಟಿ ಭಕ್ತಿಯಿರುವವರಿಗೇ ಇಂಥ ಆಲೋಚನೆ ಬಂದು ಕಾಡುತ್ತದೆ ಎಂಬುದನ್ನು ತಂಗಿಗೆ ಹೇಳಿ. ಯಾವುದು ಅತ್ಯಂತ ಪ್ರಿಯವೋ ಗೀಳು ಅಲ್ಲಿಗೇ ಕೈ ಹಾಕುತ್ತದೆ.

ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಭಕ್ತಿಯ ಜಪ ಮುಗಿದಾಗ ಮನಸ್ಸು ಹಗುರಾಗುತ್ತದೆ. ಗೀಳಿನ ಜಪ ಮುಗಿಯುವುದೇ ಇಲ್ಲ, ದಣಿವಿನಿಂದ ನಿಲ್ಲುತ್ತದೆ. ಭಕ್ತರು ಸಂಪ್ರದಾಯ ಕೇಳಿದಷ್ಟು ಮಾಡಿ ಎದ್ದುಬಿಡುತ್ತಾರೆ. ಗೀಳು ಒಂದೇ ಒಂದು ಅಂಶವನ್ನು, ಲೆಕ್ಕವನ್ನೋ ಉಚ್ಚಾರವನ್ನೋ ಶುದ್ಧಿಯನ್ನೋ ಹಿಡಿದು ಸಂಪ್ರದಾಯ ಕೇಳದಷ್ಟು ಮಾಡಿಸುತ್ತದೆ. ಅದಕ್ಕಾಗಿ ಅದೇ ಸಂಪ್ರದಾಯದ ಬೇರೆ ಕರ್ತವ್ಯಗಳನ್ನು ಬಿಡಿಸುತ್ತದೆ: ಊಟ ತಪ್ಪುತ್ತದೆ, ಮನೆಗೆ ಬಂದ ಅತಿಥಿಯನ್ನು ಮಾತಾಡಿಸುವುದಿಲ್ಲ. ‘ಇವತ್ತು ಬಿಟ್ಟರೆ ಏನಾಗುತ್ತದೆ?’ ಎಂದು ಕೇಳಿ ನೋಡಿ. ‘ಬೇಜಾರಾಗುತ್ತದೆ’ ಎಂದರೆ ಒಂದು ಲೆಕ್ಕ, ‘ಅಮ್ಮನಿಗೆ ಏನಾದರೂ ಆಗಿಬಿಡುತ್ತದೆ’ ಎಂದರೆ ಇನ್ನೊಂದು.

ಗೀಳು ಎಂದು ಖಚಿತವಾದರೆ ಚಿಕಿತ್ಸೆಯೇ ಬದಲಾಗುತ್ತದೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳೇ ಇಲ್ಲೂ ಬೇಕು. ಆದರೆ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣದಲ್ಲಿ, ಪರಿಣಾಮ ನೋಡಲು 8ರಿಂದ 12 ವಾರ ಕಾಯಬೇಕು. ಖಿನ್ನತೆಯ ಪ್ರಮಾಣದಲ್ಲೇ ನಿಂತಿದ್ದರೆ ‘ಅರ್ಧ ಗುಣ’ ಎಂಬಲ್ಲಿಗೇ ನಿಂತುಹೋಗುವ ಸಾಧ್ಯತೆ ಉಂಟು. ಥೆರಪಿಯಲ್ಲಿ ಮಾಡುವುದು ಎದುರಿಸಿ ತಡೆಯುವ ವಿಧಾನ. ದಿಗಿಲು ಹುಟ್ಟಿಸುವ ಸನ್ನಿವೇಶವನ್ನು ಬೇಕೆಂದೇ ಎದುರಿಸಿ, ಆಮೇಲೆ ಮಾಡಬೇಕೆನಿಸುವ ಪರಿಹಾರಕ್ರಿಯೆಯನ್ನು ತಡೆದುಕೊಳ್ಳುವುದು.

ಜಪದ ವಿಷಯದಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಲೆಕ್ಕ ತಪ್ಪಿತು ಅನ್ನಿಸಿದಾಗ ಮರುಶುರುವನ್ನು ಮೊದಲು ಐದು ನಿಮಿಷ ಮುಂದೂಡುವುದು, ಆಮೇಲೆ ಹದಿನೈದು ನಿಮಿಷ. ಮುಂದಿನ ವಾರ ಸಂಖ್ಯೆಯ ಬದಲು ಸಮಯ: ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಬಾರಿಸಿದ ತಕ್ಷಣ ಏಳುವುದು. ಅದು ಪಳಗಿದ ಮೇಲೆ ಮಾಲೆಯಿಲ್ಲದೆ, ಎಣಿಸದೆ ಜಪ. ಪ್ರತಿ ಹಂತದಲ್ಲೂ ತಳಮಳ ಏರುತ್ತದೆ, ಏನೂ ಮಾಡದೆ ಕೂತರೆ ತಾನಾಗಿ ಇಳಿಯುತ್ತದೆ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಬಹುದು, ದಿನವೂ ಮಾಡಿದರೆ ಆ ಹೊತ್ತು ಕಡಿಮೆಯಾಗುತ್ತ ಬರುತ್ತದೆ. ಒಳ್ಳೆಯ ಥೆರಪಿಸ್ಟ್ ಇಲ್ಲಿ ಒಂದು ಗೆರೆ ದಾಟುವುದಿಲ್ಲ. ದೇವರನ್ನು ಬೈ, ವಿಗ್ರಹಕ್ಕೆ ಕಾಲು ತಾಗಿಸು ಎಂದು ಹೇಳುವುದಿಲ್ಲ. ಆ ಸಂಪ್ರದಾಯದ ಸಾಮಾನ್ಯ ಭಕ್ತರೊಬ್ಬರು ಮಾಡುವಷ್ಟನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತಾರೆ.

ಇಲ್ಲಿ ಪುರೋಹಿತರ, ಮೌಲ್ವಿಗಳ, ಪಾದ್ರಿಗಳ ಸಹಾಯ ನಿಜವಾಗಿಯೂ ಬೇಕಾಗುತ್ತದೆ, ಆದರೆ ಒಂದೇ ಸಲ. ‘ಇಷ್ಟು ಮಾಡಿದರೆ ಸಾಕು, ಲೆಕ್ಕ ತಪ್ಪಿದರೆ ದೋಷವಿಲ್ಲ’ ಎಂದು ಅವರು ಒಮ್ಮೆ ಹೇಳಬೇಕು, ಥೆರಪಿಸ್ಟ್ ಅದನ್ನು ಬರೆದಿಟ್ಟುಕೊಳ್ಳಬೇಕು. ಎರಡನೇ ಸಲ ಕೇಳಲು ಹೋದರೆ ಆ ಕೇಳುವುದೇ ಹೊಸ ಗೀಳು. ನಮ್ಮ ಪೂಜಾಕ್ರಮದ ಕೊನೆಯಲ್ಲಿ ಮಂತ್ರಲೋಪ, ಕ್ರಿಯಾಲೋಪಗಳಿಗೆ ಕ್ಷಮೆ ಕೇಳುವ ಪ್ರಾರ್ಥನೆಯೊಂದು ಇದ್ದೇ ಇದೆ. ಅಂದರೆ ತಪ್ಪು ಆಗಿಯೇ ಆಗುತ್ತದೆ ಎಂದು ಸಂಪ್ರದಾಯ ಮೊದಲೇ ಒಪ್ಪಿಕೊಂಡಿದೆ. ಇದನ್ನು ತಂಗಿಗೆ ನೆನಪಿಸಬಹುದು. ಗೀಳು ಮಾತ್ರ ಎಷ್ಟು ಚಾಲಾಕಿ ಎಂದರೆ ಆ ಕ್ಷಮಾಪ್ರಾರ್ಥನೆಯನ್ನೇ ಹನ್ನೊಂದು ಸಲ ಹೇಳಿಸಲು ಶುರುಮಾಡುತ್ತದೆ. ಆಗ ಅದಕ್ಕೂ ಒಂದೇ ಸಲದ ಮಿತಿ. ಪ್ರಾಯಶ್ಚಿತ್ತ, ಶಾಂತಿ, ಹೊಸ ವ್ರತ ಎಂದು ಪರಿಹಾರ ಸೂಚಿಸುವವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಪರಿಣಾಮ ಮಾತ್ರ ಉರಿಗೆ ಎಣ್ಣೆ. ಮನೆಯವರ ಸಮಾಧಾನವೂ ಹಾಗೆಯೇ. ‘ಸರಿಯಾಗಿಯೇ ಮಾಡಿದ್ದೀಯ, ದೇವರು ಕೋಪಿಸಿಕೊಳ್ಳಲ್ಲ’ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರೆ ಅದನ್ನು ಥೆರಪಿಸ್ಟ್ ಜೊತೆ ಮಾತಾಡಿಕೊಂಡು ಹಂತಹಂತವಾಗಿ ಕಡಿಮೆ ಮಾಡಿ. ಒಂದೇ ದಿನ ಬಾಯಿ ಮುಚ್ಚಿಕೊಂಡರೆ ಜಗಳವಾಗುತ್ತದೆ, ಅಷ್ಟೇ.

ಥೆರಪಿಸ್ಟ್ ಯಾಕೆ ಕೇಳಲಿಲ್ಲ?

ಕೇಳಬೇಕಿತ್ತು. ಆದರೆ ಕೇಳದಿರುವುದಕ್ಕೆ ಹಿನ್ನೆಲೆಯೂ ಇದೆ. ಆಧುನಿಕ ಮನೋಚಿಕಿತ್ಸೆ ಧರ್ಮದ ಜೊತೆ ಮೊದಲಿನಿಂದಲೂ ಮುನಿಸಿಕೊಂಡೇ ಬೆಳೆಯಿತು. ಸಿಗ್ಮಂಡ್ ಫ್ರಾಯ್ಡ್ 1907ರಲ್ಲೇ ಧಾರ್ಮಿಕ ಆಚರಣೆಯನ್ನು ಗೀಳಿನ ಕ್ರಿಯೆಗಳಿಗೆ ಹೋಲಿಸಿ ಬರೆದಿದ್ದರು. ತರಬೇತಿಯಲ್ಲಿ ಆ ನೆರಳು ಬಹಳ ಕಾಲ ಉಳಿಯಿತು. ನಿಧಾನವಾಗಿ ನಿಲುವು ಬದಲಾಗಿದೆ. ಅಮೆರಿಕದ ರೋಗನಿರ್ಣಯ ಕೈಪಿಡಿಯ 1994ರ ಆವೃತ್ತಿಯಲ್ಲಿ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ಹೆಸರು ಬಂತು. ಅದು ಕಾಯಿಲೆಯ ಹೆಸರಲ್ಲ. ಕಾಯಿಲೆ ಅಲ್ಲದಿದ್ದರೂ ಗಮನ ಬೇಡುವ ಸಂಗತಿ ಎಂಬ ಒಪ್ಪಿಗೆ. ವಿಶ್ವ ಮನೋವೈದ್ಯಕೀಯ ಸಂಘ 2016ರಲ್ಲಿ ಪ್ರಕಟಿಸಿದ ನಿಲುವಿನಲ್ಲಿ ರೋಗಿಯ ನಂಬಿಕೆಯ ಬಗ್ಗೆ ಕೇಳಿ ತಿಳಿಯುವುದನ್ನು ಕಾಯಿಲೆಯ ಹಿನ್ನೆಲೆ ವಿಚಾರಿಸುವುದರ ಭಾಗವೇ ಎಂದು ಪರಿಗಣಿಸಿತು. ಜೊತೆಗೆ ವೈದ್ಯರು ತಮ್ಮ ನಂಬಿಕೆಯನ್ನಾಗಲಿ ಅಪನಂಬಿಕೆಯನ್ನಾಗಲಿ ರೋಗಿಯ ಮೇಲೆ ಹೇರಬಾರದು ಎಂದೂ ಹೇಳಿತು. ಈ ಎರಡನೇ ಮಾತನ್ನು ನಮ್ಮಲ್ಲಿ ಒತ್ತಿ ಹೇಳಬೇಕಾಗಿದೆ. ಕೌನ್ಸೆಲಿಂಗ್ ಕೋಣೆಯಲ್ಲಿ ಕೂತು ‘ನಮ್ಮ ಗುರೂಜಿ ಹತ್ತಿರ ಬನ್ನಿ’ ಎನ್ನುವವರೂ, ‘ಇದೆಲ್ಲ ಮೂಢನಂಬಿಕೆ, ಬಿಡಿ’ ಎಂದು ಗದರುವವರೂ ಒಂದೇ ಗೆರೆ ದಾಟಿದ್ದಾರೆ.

ನಮ್ಮ ನೆಲದಲ್ಲಿ ಈ ಬೇಲಿ ಅಷ್ಟು ಎತ್ತರವಾಗಿ ಇರಲೂ ಇಲ್ಲ. ಚರಕಸಂಹಿತೆ ಚಿಕಿತ್ಸೆಯನ್ನು ಮೂರಾಗಿ ಹೇಳುತ್ತದೆ: ಮಂತ್ರ, ಬಲಿ, ಉಪವಾಸಗಳ ದೈವವ್ಯಪಾಶ್ರಯ, ಆಹಾರ ಮತ್ತು ಔಷಧಿಯ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಅಹಿತ ವಿಷಯಗಳಿಂದ ಹಿಂದಕ್ಕೆಳೆಯುವ ಸತ್ತ್ವಾವಜಯ. ಮೂರೂ ಒಟ್ಟಿಗಿವೆ, ಒಂದರ ಬದಲು ಇನ್ನೊಂದು ಎಂದಿಲ್ಲ ಎಂಬುದನ್ನು ಅಮ್ಮನಿಗೆ ತೋರಿಸಬಹುದು. 1960ರ ದಶಕದಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಎನ್.ಎಸ್. ವಾಹಿಯಾ ಪತಂಜಲಿಯ ಯೋಗಕ್ರಮವನ್ನು ಆಧರಿಸಿ ಚಿಕಿತ್ಸಾವಿಧಾನವೊಂದನ್ನು ಪ್ರಯೋಗಿಸಿದರು. 1973ರಲ್ಲಿ ಜೆ.ಎಸ್. ನೇಕಿ, ಭಾರತೀಯ ರೋಗಿಗೂ ಚಿಕಿತ್ಸಕರಿಗೂ ನಡುವಿನ ಸಂಬಂಧ ಗುರು–ಶಿಷ್ಯರ ಮಾದರಿಗೆ ಹತ್ತಿರವಾದದ್ದು ಎಂದು ವಾದಿಸಿದರು. ಇದರಲ್ಲಿ ಅಪಾಯವೂ ಇದೆ ಅನ್ನಿ. ಗುರುವಿನ ಎದುರು ಶಿಷ್ಯೆ ‘ನೀವು ಹೇಳಿದ್ದು ನನಗೆ ಹೊಂದಲಿಲ್ಲ’ ಎನ್ನುವುದು ಕಷ್ಟ, ಥೆರಪಿಯಲ್ಲಿ ಹಾಗೆ ಹೇಳಲು ಬರಲೇಬೇಕು.

ಕೇಳುವುದಾದರೂ ಏನನ್ನು? ನಾಲ್ಕು ಪ್ರಶ್ನೆ ಸಾಕು, ಹತ್ತು ನಿಮಿಷದ ಕೆಲಸ. ಕಷ್ಟ ಬಂದಾಗ ನಿಮಗೆ ಬಲ ಕೊಡುವ ನಂಬಿಕೆ ಯಾವುದು? ದಿನದ ಬದುಕಿನಲ್ಲಿ ಅದಕ್ಕೆ ಎಷ್ಟು ತೂಕ? ಆ ನಂಬಿಕೆಯನ್ನು ಹಂಚಿಕೊಳ್ಳುವ ಜನ ಯಾರು, ಭಜನಾ ಮಂಡಳಿಯೋ, ಮಠವೋ, ಮಸೀದಿಯೋ, ಚರ್ಚೋ? ಚಿಕಿತ್ಸೆಯಲ್ಲಿ ಇದನ್ನು ನಾನು ಹೇಗೆ ಗಮನದಲ್ಲಿಡಲಿ? ಇದಕ್ಕೆ ಐದನೆಯದೊಂದನ್ನು ಸೇರಿಸುವುದು ಒಳ್ಳೆಯದು: ನಿಮ್ಮ ನಂಬಿಕೆ ನಿಮ್ಮನ್ನು ನೋಯಿಸಿದ್ದೂ ಉಂಟೇ?

ಐದನೆಯದು ಯಾಕೆ ಬೇಕು ಎಂದರೆ, ಕಷ್ಟಕಾಲದಲ್ಲಿ ಧರ್ಮವನ್ನು ನೆಚ್ಚಿಕೊಳ್ಳುವುದರಲ್ಲಿ ಎರಡು ಬಗೆ ಇವೆ ಎಂದು ಕೆನೆತ್ ಪಾರ್ಗಮೆಂಟ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿಕೊಟ್ಟಿದ್ದಾರೆ. ‘ದೇವರು ಜೊತೆಗಿದ್ದಾನೆ, ನನ್ನ ಕೈಲಾದದ್ದು ನಾನು ಮಾಡುತ್ತೇನೆ’ ಎನ್ನುವುದು ಒಂದು. ‘ದೇವರು ಕೈಬಿಟ್ಟ, ಇದು ನನಗೆ ಶಿಕ್ಷೆ’ ಎನ್ನುವುದು ಇನ್ನೊಂದು. ಮೊದಲನೆಯದು ಚೇತರಿಕೆಗೆ ಹೆಗಲು ಕೊಡುತ್ತದೆ. ಎರಡನೆಯದು ಖಿನ್ನತೆಯ ಜೊತೆ ಕೈಜೋಡಿಸುತ್ತದೆ. ಅವರೂ ಸಹೋದ್ಯೋಗಿಗಳೂ ಆಸ್ಪತ್ರೆ ಸೇರಿದ ಹಿರಿಯ ವಯಸ್ಸಿನ ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಎರಡನೇ ಬಗೆಯ ಒಳಜಗಳ ಇದ್ದವರಲ್ಲಿ ಸಾವಿನ ಪ್ರಮಾಣವೂ ಹೆಚ್ಚು ಕಂಡಿತು.

ಅಮ್ಮನ ‘ಪೂರ್ವಕರ್ಮ’ ಎಂಬ ಮಾತು ತಂಗಿಯ ಕಿವಿಗೆ ಹೇಗೆ ಬೀಳುತ್ತಿದೆ ಎಂದು ನೋಡಬೇಕಾದದ್ದು ಇದಕ್ಕೇ. ಅಮ್ಮನಿಗೆ ಆ ಮಾತು ಸಮಾಧಾನ: ಯಾರ ತಪ್ಪೂ ಅಲ್ಲ, ಅನುಭವಿಸಿ ಕಳೆಯಬೇಕು. ಖಿನ್ನತೆಯಲ್ಲಿರುವ ಮಗಳಿಗೆ ಅದೇ ಮಾತು ‘ನಾನು ಪಾಪಿ, ಅರ್ಹತೆ ಇಷ್ಟೇ’ ಎಂದು ಕೇಳಿಸಬಹುದು. ಥೆರಪಿಸ್ಟ್ ಇಲ್ಲಿ ಕರ್ಮಸಿದ್ಧಾಂತ ಸರಿಯೋ ತಪ್ಪೋ ಎಂದು ವಾದಕ್ಕೆ ಇಳಿಯುವುದಿಲ್ಲ, ಇಳಿದರೆ ಸೋಲುತ್ತಾರೆ. ‘ಕರ್ಮ ಎಂದರೆ ಹಿಂದಿನದು ಮಾತ್ರವೇ, ಈಗ ಮಾಡುತ್ತಿರುವುದೂ ಸೇರುತ್ತದೆಯೇ?’, ‘ಇದೇ ಕಾಯಿಲೆ ನಿಮ್ಮ ಗೆಳತಿಗೆ ಬಂದಿದ್ದರೆ ಅವಳನ್ನು ಪಾಪಿ ಎನ್ನುತ್ತಿದ್ದಿರಾ?’ ಎಂದು ಅವಳ ನಂಬಿಕೆಯೊಳಗೇ ನಿಂತು ಕೇಳುತ್ತಾರೆ. ಅಪರಾಧಭಾವ ಯಾವ ಮಾತಿಗೂ ಅಲುಗದಷ್ಟು ಗಟ್ಟಿಯಾಗಿದ್ದರೆ, ಲೋಕದ ಕಷ್ಟಕ್ಕೆಲ್ಲ ತಾನೇ ಕಾರಣ ಎನ್ನುವ ಮಟ್ಟ ಮುಟ್ಟಿದ್ದರೆ, ಅದು ಮಾತಿನ ಚಿಕಿತ್ಸೆಗೆ ಮೀರಿದ್ದು. ಆ ದಿನವೇ ಮನೋವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಬಗೆಯ ಮಾತನ್ನೂ ಕಿವಿಗೊಟ್ಟು ಕೇಳಿ. ‘ಮುಕ್ತಿ ಸಿಕ್ಕರೆ ಸಾಕು’, ‘ಅವನ ಪಾದ ಸೇರಬೇಕು’ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಭಕ್ತಿಯ ಮಾತೇ. ಖಿನ್ನತೆಯಲ್ಲಿ ಇರುವವರ ಬಾಯಲ್ಲಿ ಬಂದಾಗ ಮಾತ್ರ ಹಾಗೆಂದುಕೊಂಡು ಸುಮ್ಮನಾಗಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಆಲೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬಳನ್ನೇ ಬಿಡಬೇಡಿ, ಮಾತ್ರೆಯ ಡಬ್ಬಿ ನಿಮ್ಮ ಕೈಯಲ್ಲಿರಲಿ, ಅವತ್ತೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಬಹುದು.

48 ದಿನದ ಕ್ಷೇತ್ರವಾಸ

ಅಮ್ಮನ ಆಸೆಯನ್ನು ಅಡ್ಡಡ್ಡ ತಳ್ಳಿಹಾಕಬೇಡಿ, ಅದರ ಪರವಾಗಿ ಒಂದಿಷ್ಟು ಆಧಾರವಿದೆ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಜೊತೆಗಾರರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನವೊಂದರಲ್ಲಿ ತಂಗಿದ್ದ 31 ಮಂದಿ ಮಾನಸಿಕ ರೋಗಿಗಳನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಸರಾಸರಿ ಆರು ವಾರದ ವಾಸ, ರೋಗಲಕ್ಷಣದ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ಚಿಕಿತ್ಸೆಯೇನೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಏಳುವುದು, ಗುಡಿಯ ಆವರಣ ಗುಡಿಸುವುದು, ಗಿಡಕ್ಕೆ ನೀರು, ಪೂಜೆ, ಜೊತೆಗೆ ಮನೆಯವರೊಬ್ಬರು, ಬೈಯದ, ಹೊಡೆಯದ ಜನ. ಕೆಲಸ ಮಾಡಿದ್ದು ಇದೇ ಇರಬೇಕು ಎಂದು ಸಂಶೋಧಕರೂ ಊಹಿಸಿದರು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಅಲ್ಲಿ ಇರಲಿಲ್ಲ, 31 ಎಂಬುದೂ ಚಿಕ್ಕ ಸಂಖ್ಯೆ. ಮಾತ್ರೆ ಬಿಟ್ಟು ಇಲ್ಲಿಗೆ ಬನ್ನಿ ಎಂದು ಆ ವರದಿ ಹೇಳುವುದಿಲ್ಲ.

ಇನ್ನೊಂದು ಮುಖ ಏರ್ವಾಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಈ ಊರಿನಲ್ಲಿ, ದರ್ಗಾದ ಆಸುಪಾಸಿನ ಆಶ್ರಯಮನೆಯೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳಿಗೆ ಓಡಲಾಗಲಿಲ್ಲ. 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಮಾನಸಿಕ ರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ಜಾಗ ಯಾವ ಹೆಸರಿನಲ್ಲಿದ್ದರೂ ನೋಂದಣಿ ಆಗಬೇಕು ಎನ್ನುತ್ತದೆ.

ಇವೆರಡರ ನಡುವಿನ ದಾರಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿದೆ. ಮೀರಾ ದಾತಾರ್ ದರ್ಗಾದ ಆವರಣದಲ್ಲೇ 2008ರಿಂದ ‘ದವಾ–ದುವಾ’, ಅಂದರೆ ಔಷಧಿ–ಪ್ರಾರ್ಥನೆ, ಎಂಬ ಹೆಸರಿನಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಯಿತು. ದರ್ಗಾದ ಮುಜಾವರರೇ ಹರಕೆಗೆ ಬಂದವರನ್ನು ‘ದುವಾ ಆಯಿತು, ಇನ್ನು ದವಾ ತಗೊಳ್ಳಿ’ ಎಂದು ಅಲ್ಲಿಗೆ ಕಳಿಸುವ ವ್ಯವಸ್ಥೆ. ನಮ್ಮ ಜನಕ್ಕೆ ಇದು ಹೊಸದೂ ಅಲ್ಲ. ಉಡುಪಿ ಸೀಮೆಯ ಕೋಟದಲ್ಲಿ 1970ರ ದಶಕದಲ್ಲಿ ಅಧ್ಯಯನ ಮಾಡಿದ ಆರ್.ಎಲ್. ಕಪೂರ್ ಮತ್ತು ಮಾರಿಸ್ ಕಾರ್‌ಸ್ಟೇರ್ಸ್, ಅಲ್ಲಿನವರು ನಾಟಿ ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಮತ್ತು ಇಂಗ್ಲಿಷ್ ಔಷಧಿಯ ಡಾಕ್ಟರು ಎಲ್ಲರ ಬಳಿಗೂ ಹೋಗುವುದನ್ನು ಕಂಡಿದ್ದರು. ಎರಡು ದೋಣಿಯಲ್ಲಿ ಕಾಲು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆದ್ದರಿಂದ ಹೋಗುವುದಾದರೆ ಹೀಗೆ ಹೋಗಿ. ಮೊದಲು, ತಂಗಿಗೆ ಮನಸ್ಸಿರಬೇಕು. 26 ವರ್ಷದ ಹೆಣ್ಣುಮಗಳನ್ನು ‘ಇರಿಸುವುದು’ ಎಂಬ ಮಾತೇ ಸರಿಯಲ್ಲ. ಮಾತ್ರೆ, ಚೀಟಿ, ವೈದ್ಯರ ನಂಬರು ಜೊತೆಗಿರಲಿ, ದಿನದ ಲೆಕ್ಕಕ್ಕಿಂತ ಒಂದು ವಾರದ ಮಾತ್ರೆ ಹೆಚ್ಚೇ ಇರಲಿ. ಮನೆಯವರೊಬ್ಬರು ಪೂರ್ತಿ ಜೊತೆಗಿರಬೇಕು. 48 ಎಂದು ಹಿಡಿಯದೆ ಒಂದು ವಾರದಿಂದ ಶುರು ಮಾಡಿ, ಥೆರಪಿಯ ಎರಡು ಭೇಟಿಗಳ ನಡುವೆ ಮುಗಿಯುವಂತೆ ಇರಲಿ. ಹೋಗಿ ನೋಡಿದಾಗ ಬಾಗಿಲಿಗೆ ಹೊರಗಿನಿಂದ ಬೀಗ, ಮಾತ್ರೆ ಬಿಟ್ಟರೇ ಒಳಗೆ ಎಂಬ ಷರತ್ತು, ‘ಮುಂಗಡ ಇಷ್ಟು ಸಾವಿರ’, ರಾತ್ರಿ ನಿದ್ದೆಗೆಡಿಸುವ ಸೇವೆ, ಹೆಂಗಸರನ್ನು ಒಂಟಿಯಾಗಿ ಒಳಗೆ ಕರೆಯುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದಲೇ ವಾಪಸು ಬನ್ನಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟುವುದು, ಹೊಡೆಯುವುದು, ಮೆಣಸಿನ ಹೊಗೆ ಹಾಕುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ. ಅದು 2020ರ ಜನವರಿಯಿಂದ ಜಾರಿಯಲ್ಲಿದೆ.

ತಂಗಿಯ ವಿಷಯದಲ್ಲಿ ಇನ್ನೊಂದು ಷರತ್ತನ್ನೂ ಸೇರಿಸಬೇಕು. ಗೀಳು ಇದೆಯೇ ಇಲ್ಲವೇ ಎಂದು ತೀರ್ಮಾನವಾಗುವ ತನಕ ಯಾವ ಕ್ಷೇತ್ರದಲ್ಲೂ ಹೊಸ ಜಪಸಂಖ್ಯೆ, ಪ್ರದಕ್ಷಿಣೆಸಂಖ್ಯೆ, ಹರಕೆ ಹೊರಿಸಬಾರದು. ದರ್ಶನ, ಪ್ರಸಾದ, ಗುಡಿಯ ಅಂಗಳದ ಕೆಲಸ ಸಾಕು.

‘ಮೈಮೇಲೆ ಬಂದಿದೆ’ ಎಂಬ ಮಾತು ನಿಮ್ಮ ಪತ್ರದಲ್ಲಿಲ್ಲ, ಆದರೂ ಕ್ಷೇತ್ರದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಭೂತಕೋಲದಲ್ಲಿ ಪಾತ್ರಿಗೆ ದರ್ಶನ ಬರುವುದು ಕಾಯಿಲೆಯಲ್ಲ. ಆಚರಣೆಯ ಚೌಕಟ್ಟಿನಲ್ಲಿ ಬಂದು, ಅಲ್ಲೇ ಇಳಿದು, ಮರುದಿನ ಆತ ತೋಟಕ್ಕೆ ಹೋಗುತ್ತಾನೆ. ಬೇಡವೆಂದರೂ ಬರುವುದು, ಆಚರಣೆಯ ಹೊರಗೂ ಬಂದು ಬದುಕನ್ನು ಕೆಡಿಸುವುದು ಬೇರೆ. ಅದನ್ನೇ ಈಗಿನ ಅಂತಾರಾಷ್ಟ್ರೀಯ ರೋಗವರ್ಗೀಕರಣ ಕಾಯಿಲೆ ಎಂದು ಪರಿಗಣಿಸುವುದು. ಬಾಣಂತಿಯಲ್ಲಿ ಹೆರಿಗೆಯಾದ ಮೊದಲೆರಡು ವಾರದಲ್ಲಿ ದಿಢೀರನೆ ನಿದ್ದೆಗೆಟ್ಟು ಅಸಂಬದ್ಧ ಮಾತು ಶುರುವಾದರೆ, ಅಥವಾ ಯಾರಿಗೇ ಆಗಲಿ ಜ್ವರ, ಫಿಟ್ಸ್, ಗೊಂದಲದ ಜೊತೆ ವರ್ತನೆ ಬದಲಾದರೆ, ನಿಮಿತ್ತ ಕೇಳಲು ಹೊತ್ತಿಲ್ಲ. ಮಿದುಳಿನ ಉರಿಯೂತವೂ ಬಾಣಂತಿ ಸನ್ನಿಯೂ ಗಂಟೆಗಳ ಲೆಕ್ಕದ ಕಾಯಿಲೆಗಳು. ಮೊದಲು ಆಸ್ಪತ್ರೆ, ಹರಕೆ ಆಮೇಲೆ.

ಮಾತ್ರೆ ಮತ್ತು ಉಪವಾಸ

ಎಂಟು ತಿಂಗಳು ತೆಗೆದುಕೊಂಡ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಕೆಲವೇ ದಿನದಲ್ಲಿ ತಲೆಸುತ್ತು, ವಾಕರಿಕೆ, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ, ನಿದ್ದೆಗೇಡು, ಸಿಡುಕು ಬರಬಹುದು. ಕ್ಷೇತ್ರದಲ್ಲಿ ಇದು ಬಂದರೆ ‘ಒಳಗಿದ್ದದ್ದು ಹೊರಗೆ ಬರುತ್ತಿದೆ’ ಎಂಬ ವ್ಯಾಖ್ಯಾನ ಸಿದ್ಧವಾಗಿಯೇ ಇರುತ್ತದೆ. ಖಿನ್ನತೆ ಮರಳುವುದು ಇದಕ್ಕಿಂತ ನಿಧಾನ, ವಾರಗಳೋ ತಿಂಗಳುಗಳೋ ಆದ ಮೇಲೆ. ಅಷ್ಟರಲ್ಲಿ ಮಾತ್ರೆ ಬಿಟ್ಟದ್ದೇ ಕಾರಣ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಇಳಿಸುತ್ತ ಬರುವುದು ಸಾಮಾನ್ಯ ಕ್ರಮ. ತಂಗಿ ಇನ್ನೂ ಅರ್ಧ ದಾರಿಯಲ್ಲಿದ್ದಾಳೆ.

ಏಕಾದಶಿಯ ಉಪವಾಸ, ಸೋಮವಾರದ ಒಪ್ಪೊತ್ತು ಅವಳ ಮಾತ್ರೆಗೆ ಸಾಮಾನ್ಯವಾಗಿ ಅಡ್ಡಿಯಲ್ಲ. ಉಪವಾಸವೆಂದು ಮಾತ್ರೆ ತಪ್ಪಿಸಬಾರದು, ಅಷ್ಟೆ. ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಉನ್ಮಾದವೂ ಖಿನ್ನತೆಯೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ಮಾತೇ ಬೇರೆ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷವಾಗತೊಡಗುತ್ತದೆ. ನೀರೂ ಉಪ್ಪೂ ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನಿರ್ಜಲ ಏಕಾದಶಿ, ಬೇಸಿಗೆಯ ರಂಜಾನ್ ಉಪವಾಸ, ಉಪ್ಪು ಬಿಟ್ಟ ವ್ರತ, ಬಿಸಿಲಿನ ಪಾದಯಾತ್ರೆ ಎಲ್ಲವೂ ಅಪಾಯಕಾರಿ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೊದಲು, ತೂರಾಡುವ ನಡಿಗೆ ಕಂಡರೆ ಮುಂದಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ವ್ರತ ಮಾಡಲೇಬೇಕು ಎನ್ನುವವರು ತಿಂಗಳು ಮೊದಲೇ ವೈದ್ಯರ ಹತ್ತಿರ ಮಾತಾಡಲಿ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಹೆಚ್ಚಿನ ಧರ್ಮಗಳಲ್ಲಿ ಉಂಟು.

ಹತ್ತು ದಿನದ ಶಿಬಿರ ಯಾಕೆ ಬೇಡ?

ಧ್ಯಾನದಿಂದ ಖಿನ್ನತೆಗೆ ಪ್ರಯೋಜನವಿದೆ ಎಂದು ಅಧ್ಯಯನಗಳು ಹೇಳುವಾಗ ಅವು ಹೇಳುತ್ತಿರುವುದು ಬೇರೆಯದೇ ವಸ್ತುವಿನ ಬಗ್ಗೆ. ಸಾವಧಾನತೆ ಆಧಾರಿತ ಅರಿವಿನ ಚಿಕಿತ್ಸೆ ಎಂಬ ಕ್ರಮ ಇದೆ. ವಾರಕ್ಕೊಮ್ಮೆ ಎರಡು ತಾಸು, ಒಟ್ಟು 8 ವಾರ, ಕಲಿಸುವವರಿಗೆ ಖಿನ್ನತೆ ಎಂದರೇನೆಂದು ಗೊತ್ತಿರುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸಾಕ್ರಮಗಳನ್ನು ಸೂಚಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ 2004ರಲ್ಲಿ ಇದನ್ನು ಸೂಚಿಸಿದ್ದು ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದು, ಈಗ ಗುಣವಾಗಿರುವವರಿಗೆ, ಮರುಕಳಿಸದಿರಲಿ ಎಂದು. ಹತ್ತು ದಿನದ ವಿಪಶ್ಯನ ಶಿಬಿರದಲ್ಲಿ ಬೆಳಗಿನ 4ಕ್ಕೆ ಎದ್ದು ದಿನಕ್ಕೆ ಸುಮಾರು 10 ಗಂಟೆ ಧ್ಯಾನ, ಪೂರ್ತಿ ಮೌನ, ಫೋನ್ ಇಲ್ಲ, ಥೆರಪಿಸ್ಟ್ ಇಲ್ಲ. ಆರೋಗ್ಯವಂತರಿಗೆ ಅದು ಬದುಕು ಬದಲಿಸಿದ ಅನುಭವ ಆಗಬಹುದು. ಅರೆಗುಣವಾದ ಖಿನ್ನತೆಯಲ್ಲಿ, ಕಣ್ಣು ಮುಚ್ಚಿ ಕೂತ ಹತ್ತು ಗಂಟೆಯನ್ನು ಕೊರಗು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಆಘಾತ ಇದ್ದವರಿಗೆ ಅದು ಮರುಕಳಿಸಿ ಬರಬಹುದು. ತನ್ನ ದೇಹ ತನ್ನದಲ್ಲ, ಸುತ್ತಲಿನದು ನಿಜವಲ್ಲ ಎನಿಸುವ ಸ್ಥಿತಿ ಕೆಲವರಲ್ಲಿ ಶಿಬಿರ ಮುಗಿದ ಮೇಲೂ ಉಳಿದದ್ದಿದೆ. ನಿದ್ದೆ ಕಡಿಮೆಯಾದರೆ ಬೈಪೋಲಾರ್ ಇರುವವರು ಉನ್ಮಾದಕ್ಕೆ ಜಾರಬಹುದು. ಗಂಭೀರ ಮಾನಸಿಕ ಕಾಯಿಲೆ ಇರುವವರು ಸೇರುವುದು ಬೇಡ ಎಂದು ಶಿಬಿರದವರ ನಿಯಮಗಳೇ ಹೇಳುತ್ತವೆ. ಅರ್ಜಿಯಲ್ಲಿ ಆ ಪ್ರಶ್ನೆಗೆ ಸುಳ್ಳು ಬರೆದು ಕಳಿಸಬೇಡಿ.

ಪ್ರಾಣಾಯಾಮದಲ್ಲೂ ಆಯ್ಕೆ ಬೇಕು. ಕಪಾಲಭಾತಿ, ಭಸ್ತ್ರಿಕಾದಂಥ ಬಿರುಸಿನ ಉಸಿರಾಟದಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬಾಯಿ ಸುತ್ತ ಜುಮುಗುಡುತ್ತದೆ, ತಲೆ ತೇಲುತ್ತದೆ, ಎದೆ ಡವಗುಟ್ಟುತ್ತದೆ. ಆತಂಕದ ಹೊಡೆತ ಬಂದಾಗ ಆಗುವುದೂ ಇದೇ. ಮೈ ಎರಡನ್ನೂ ಬೇರೆ ಮಾಡಲಾರದೆ ನಿಜವಾದ ದಿಗಿಲಿಗೇ ಹೋಗಿಬಿಡುತ್ತದೆ. ಆತಂಕ ಇರುವವರಿಗೆ ನಿಧಾನದ ಉಸಿರು ಹೊಂದುತ್ತದೆ: ಒಳಗೆ ನಾಲ್ಕು ಎಣಿಕೆ, ಹೊರಗೆ ಆರು, ಹತ್ತು ನಿಮಿಷ. ತಂಗಿಗೆ ಇದರಲ್ಲೂ ಎಣಿಕೆ ಬೇಡ, ಹೊರಬಿಡುವುದು ಉದ್ದವಾಗಿರಲಿ ಎಂದರೆ ಸಾಕು.

ಯೋಗದ ಪರವಾಗಿ ಆಗಾಗ ಎತ್ತುವ ಅಧ್ಯಯನವೊಂದು ಬೆಂಗಳೂರಿನದೇ. ನಿಮ್ಹಾನ್ಸ್‌ನಲ್ಲಿ ಆಸ್ಪತ್ರೆ ಸೇರಿದ್ದ ತೀವ್ರ ಖಿನ್ನತೆಯ 45 ಮಂದಿಯನ್ನು 15ರ ಮೂರು ಗುಂಪು ಮಾಡಿ, ವಿದ್ಯುತ್ ಚಿಕಿತ್ಸೆ, ಖಿನ್ನತೆಯ ಇಮಿಪ್ರಮಿನ್ ಮಾತ್ರೆ, ಲಯಬದ್ಧ ಉಸಿರಾಟದ ಸುದರ್ಶನ ಕ್ರಿಯೆ ಕೊಟ್ಟು ನಾಲ್ಕು ವಾರ ನೋಡಿದರು. ಗುಣವಾದವರು ಕ್ರಮವಾಗಿ ಶೇ. 93, 73, 67. 2000ದಲ್ಲಿ ಪ್ರಕಟವಾದ ಈ ಅಂಕಿಗಳನ್ನು ‘ಮಾತ್ರೆಗೆ ಸಮ’ ಎಂದು ಹಂಚುವವರು ಎರಡು ಸಂಗತಿ ಬಿಟ್ಟುಬಿಡುತ್ತಾರೆ. ಗುಂಪುಗಳು ತೀರ ಚಿಕ್ಕವು. ನಡೆದದ್ದು ಮನೋವೈದ್ಯರ ಕಣ್ಣೆದುರು, ಆಸ್ಪತ್ರೆಯಲ್ಲಿ.

ಈಗ ತಂಗಿಗೆ ಹೊಂದುವ ಅಭ್ಯಾಸ ಸಣ್ಣದು: ಬೆಳಿಗ್ಗೆ 20 ನಿಮಿಷ ನಡಿಗೆ, ಸಂಜೆ ಅಲಾರಂ ಇಟ್ಟು 10 ನಿಮಿಷ ಎಣಿಸದ ನಾಮಸ್ಮರಣೆ, ವಾರಕ್ಕೊಮ್ಮೆ ನಾಲ್ಕು ಜನರ ಜೊತೆ ಭಜನೆ. ಭಜನೆಯಲ್ಲಿ ಲೆಕ್ಕ ತಪ್ಪುವ ಭಯವಿಲ್ಲ, ಒಬ್ಬಳೇ ಕೂರುವುದೂ ಇಲ್ಲ. ಖಿನ್ನತೆಗೆ ಅರ್ಧ ಔಷಧಿ ಅಲ್ಲೇ ಇರುತ್ತದೆ.

ಮುಂದಿನ ಭೇಟಿಗೆ ಒಂದು ಕಾಗದ ತಯಾರು ಮಾಡಿಕೊಳ್ಳಿ, ಬರೆಯುವುದು ತಂಗಿಯೇ. ಜಪಕ್ಕೆ ಕೂತ ಹೊತ್ತು, ಎದ್ದ ಹೊತ್ತು, ಎಷ್ಟು ಸಲ ಮೊದಲಿನಿಂದ ಶುರುವಾಯಿತು, ನಿಲ್ಲಿಸಿದರೆ ಏನಾದೀತು ಅನ್ನಿಸಿತು, ಹೀಗೆ ಏಳು ದಿನದ ವಿವರ. ಹೇಳಲು ನಾಚಿಕೆಯಾಗುವ ಆಲೋಚನೆ ಇದ್ದರೆ ಅದನ್ನು ವಿವರಿಸಬೇಕಿಲ್ಲ, ‘ದೇವರ ಬಗ್ಗೆ ಕೆಟ್ಟ ಆಲೋಚನೆ ಬರುತ್ತದೆ’ ಎಂಬ ಒಂದು ಸಾಲು ಸಾಕು. ಕಾಗದದ ಒಂದು ಪ್ರತಿ ಥೆರಪಿಸ್ಟ್‌ಗೆ, ಇನ್ನೊಂದು ಮನೋವೈದ್ಯರಿಗೆ. ಇಬ್ಬರೂ ಒಂದೇ ಕಡೆ ಇಲ್ಲದಿದ್ದರೆ ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ. ಥೆರಪಿಸ್ಟ್ ಓದಿ ‘ಇದೆಲ್ಲ ನನ್ನ ವಿಷಯವಲ್ಲ’ ಎಂದರೆ, ಗೀಳಿಗೆ ಎದುರಿಸಿ ತಡೆಯುವ ವಿಧಾನದಲ್ಲಿ ತರಬೇತಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು ಎಂದು ಮನೋವೈದ್ಯರನ್ನೇ ಕೇಳಿ. ಆ ದಿನ ಅಮ್ಮನನ್ನೂ ಕರೆದುಕೊಂಡು ಹೋಗಿ, ತಂಗಿ ಒಪ್ಪಿದರೆ.